ಮೌಲಾಸಾಬರ ಥರ್ಮಾಕೋಲ್ ಹಲಗಿ

ಗಂಗಾವತಿ ಕಡೆಯ ಒಂದು ಕೆರೆಯ ದಂಡೆಯಲ್ಲಿ ನಾನು ಎರಡು ವರ್ಷ ಕಾವಲುಗಾರನಾಗಿದ್ದೆ. ಪ್ರವಾಸಕ್ಕೆ ಬಂದ ಹುಡುಗರು ಎದೆಯಡಿ ಫೋಮಿನ ಹಲಗೆ ಇಟ್ಟುಕೊಂಡು ನೀರಲ್ಲಿ ತೇಲುತ್ತಿದ್ದರು. ಅವರಲ್ಲಿ ಒಬ್ಬ ಮುಳುಗಿ ಸತ್ತ. ಮರುವಾರವೇ ಫಲಕ ಬಂತು: ಹಲಗೆ, ಟ್ಯೂಬು ಹಿಡಿದು ನೀರಿಗಿಳಿಯುವಂತಿಲ್ಲ. ಕಂಡರೆ ಕಸಿದುಕೊಳ್ಳಬೇಕೆಂದು ನನಗೆ ಹುಕುಂ ಆಯಿತು.

ನಮ್ಮ ಸಾಹೇಬರು ತಪಾಸಣೆಗೆ ಬಂದ ದಿನ ನೀರಿನ ಮೇಲಿದ್ದವರು ಮೌಲಾಸಾಬರೊಬ್ಬರೇ. ಒಂದು ಕಾಲು ಸೋತ ಮುದುಕ. ಥರ್ಮಾಕೋಲ್ ಹಲಗೆಯ ಮೇಲೆ ಬೋರಲು ಮಲಗಿ, ಕೈಯಲ್ಲೇ ನೀರು ತಳ್ಳುತ್ತ ಮೀನಿನ ಬಲೆ ಬಿಡುತ್ತಿದ್ದರು.

“ಅದೇನದು? ಕಸ್ಗೊಂಡ್ ಬಾ,” ಅಂದರು ಸಾಹೇಬರು.

“ಸಾಹೇಬ್ರ, ಅವತ್ತು ಆ ಹುಡುಗನ ಹೆಣ ಹುಡುಕಿ ತಂದವ್ರು ಇವರ ರೀ. ಇದ ಹಲಗಿ ಮ್ಯಾಲ ಹಾಕ್ಕೊಂಡು ತಂದ್ರು.”

“ರೂಲ್ಸ್‌ನ್ಯಾಗ ಹಂಗ ಬರದೈತೇನು?”

ನಾನು ನೀರಿನಂಚಿಗೆ ಹೋಗಿ ಅವರನ್ನು ಕರೆದೆ. “ಚಾಚಾ, ಕೊಡ್ರಿ. ಇಲ್ಲಂದ್ರ ನನ್ನ ನೌಕರಿ ಹೋಗತೈತಿ.”

ಮೌಲಾಸಾಬರು ಬೈಯಲಿಲ್ಲ. ಹಲಗೆಗೆ ಅಂಟಿದ್ದ ಪಾಚಿಯನ್ನು ಒರೆಸಿ ಕೊಟ್ಟರು. “ಇನ್ನೊಬ್ಬಾಂವ ಮುಳುಗಿದ್ರ ನನ್ನ ಕರೀಬ್ಯಾಡಪಾ,” ಎಂದು ಕುಂಟುತ್ತ ಹೋದರು. ಮತ್ತೆ ಆ ಕಡೆ ಬರಲಿಲ್ಲ. ಅವರ ಬಲೆ ನೀರಲ್ಲೇ ಉಳಿಯಿತು. ತೆಗೆದುಕೊಡೋಣವೆಂದರೆ, ಕೆರೆ ಕಾಯುವ ನನಗೆ ಈಜೇ ಬರುತ್ತಿರಲಿಲ್ಲ.

ಪ್ರವಾಸಿಗರು ಆಚೆ ದಂಡೆಯಿಂದ ಹಲಗೆ ಸಮೇತ ಇಳಿಯತೊಡಗಿದರು. ಸಾಹೇಬರಿಗೆ ಹೇಳಿದೆ. “ಅದು ನಮ್ಮ ಹದ್ದಿಗೆ ಬರಂಗಿಲ್ಲ,” ಅಂದರು. ಈಚೆ ದಂಡೆಯಲ್ಲಿ ನಿಯಮ ಮುರಿಯುವವರು ಯಾರೂ ಉಳಿದಿಲ್ಲವೆಂದು ನಾನು ವಾರವಾರವೂ ವರದಿ ಕೊಟ್ಟೆ. ಅದಕ್ಕೆ ನನಗೆ ಶಭಾಸ್‌ಗಿರಿಯೂ ಸಿಕ್ಕಿತು.