ಎರಡು ಮಹಡಿಯ ಪ್ರಶ್ನೆ

ನಮ್ಮ ಭಾವನಂಥ ಇನ್ನೊಬ್ಬ ಹಟಮಾರಿಯನ್ನು ನಾನು ಕಂಡಿಲ್ಲ. ಸತ್ತವರನ್ನು ಬಯ್ಯಬಾರದಂತೆ. ನಾನು ಬಯ್ಯುತ್ತೇನೆ, ನನಗೆ ಆ ಹಕ್ಕಿದೆ. ಅಕ್ಕನ ಗಂಡ, ಮೇಲಾಗಿ ಒಂದೇ ಕಂಪನಿಯಲ್ಲಿ ಹದಿನಾರು ವರ್ಷ ನನ್ನ ಜೋಡಿ. ನಮ್ಮದು ಲಿಫ್ಟ್ ರಿಪೇರಿ ಕೆಲಸ. ಲಿಫ್ಟ್ ಏರುವ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ತಮ್ಮ ಎದೆಯ ವಿಷಯಕ್ಕೆ ಬಂದರೆ ಮಾತ್ರ ಜಾಣಕಿವುಡು.

ಐವತ್ತು ತುಂಬುವ ಮೊದಲೇ ಬೈಪಾಸ್ ಆಯಿತು. ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸಿದರು. "ಇದೂ ಕಟ್ಟಿಕೊಳ್ಳಬಹುದು, ಬೇಗ ಗೊತ್ತಾದರೆ ದಾರಿಯಿದೆ" ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆ ವರ್ಷ ಆಪರೇಷನ್ ಆದವರೆಲ್ಲ ಹೇಗಿದ್ದಾರೆಂದು ಆಸ್ಪತ್ರೆ ಹತ್ತು ವರ್ಷ ವಿಚಾರಿಸುತ್ತದೆ ಎಂದೂ ಹೇಳಿದ್ದರು. ಅದರಂತೆ ವರ್ಷಕ್ಕೊಮ್ಮೆ ನರ್ಸಮ್ಮನ ಫೋನ್ ಬರುತ್ತಿತ್ತು.

"ಎರಡು ಮಹಡಿ ನಿಲ್ಲದೆ ಹತ್ತೀರಾ?"

"ಎರಡೇನು ಸಿಸ್ಟರ್, ದಿನಾ ಹನ್ನೆರಡು ಹತ್ತೀನಿ!"

ಹತ್ತುತ್ತಿದ್ದದ್ದು ಲಿಫ್ಟಿನಲ್ಲಿ! ಫೋನ್ ಇಟ್ಟು ನನ್ನತ್ತ ಕಣ್ಣು ಹೊಡೆಯುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ಆಸ್ಪತ್ರೆಯಿಂದ 'ಆರೋಗ್ಯವಾಗಿದ್ದಾರೆ' ಎಂಬ ಕಾಗದ ಬರುತ್ತಿತ್ತು. ಅದನ್ನು ನೋಡಿಯೇ ಕಂಪನಿ ಅವರನ್ನು ಮೇಲೆ ಹತ್ತಲು ಬಿಡುತ್ತಿತ್ತು. ಇಲ್ಲದಿದ್ದರೆ ಗೋಡೌನಿನಲ್ಲಿ ಕೂತು ನಟ್ಟು ಬೋಲ್ಟು ಎಣಿಸುವ ಕೆಲಸ.

ಆದರೆ ಲಿಫ್ಟು ಕೊನೆಯ ಮಹಡಿಗೆ ನಿಲ್ಲುತ್ತದೆ, ಮೋಟಾರು ಇರುವುದು ತಾರಸಿಯ ಮೇಲಿನ ಕೋಣೆಯಲ್ಲಿ. ಅಲ್ಲಿಗೆ ಕಬ್ಬಿಣದ ಮೆಟ್ಟಿಲು. ಆಪರೇಷನ್ ಆದ ಎಂಟನೇ ವರ್ಷದಿಂದ ಭಾವ ಅರ್ಧಕ್ಕೇ ಕೂರತೊಡಗಿದರು. ಸ್ಪ್ಯಾನರ್ ಹುಡುಕುವ ನೆಪ. ಮುಖ ಬೆವೆತು ಬಿಳಿಚಿಕೊಂಡಿರುತ್ತಿತ್ತು. "ಅಕ್ಕನಿಗೆ ಹೇಳ್ತೀನಿ ನೋಡಿ" ಎಂದರೆ "ಹೇಳು, ಆಮೇಲೆ ನಿನ್ನ ಮುಖ ನೋಡಿದ್ರೆ ಕೇಳು" ಎಂದು ರೇಗುತ್ತಿದ್ದರು. ನಾನು ಹೇಳಲಿಲ್ಲ.

ಹತ್ತನೇ ವರ್ಷದ ಫೋನ್ ಬಂದಾಗ ನಾವಿಬ್ಬರೂ ತಾರಸಿಯ ಮೇಲೆ ಚಹಾ ಕುಡಿಯುತ್ತಿದ್ದೆವು. ಇದೇ ಕೊನೆಯ ಸಲವಂತೆ, ಮನೆಯವರೊಬ್ಬರ ಮಾತೂ ಬೇಕಂತೆ. ಭಾವ ಫೋನನ್ನು ಅಂಗೈಯಿಂದ ಮುಚ್ಚಿ ನನ್ನತ್ತ ಚಾಚಿದರು.

"ನಿಜ ಹೇಳ್ಬೇಡ ಕಣೋ. ರಿಟೈರ್ ಆಗೋಕೆ ಇನ್ನೆಂಟೇ ತಿಂಗಳು. ಗೋಡೌನಲ್ಲಿ ಕೂತು ಮನೆಗೆ ಹೋಗಲ್ಲ ನಾನು. ಆಮೇಲೆ ನಾನೇ ಹೋಗಿ ಆಸ್ಪತ್ರೆ ಮಂಚದ ಮೇಲೆ ಮಲಕ್ಕೋತೀನಿ, ಆಯ್ತಾ?"

ನರ್ಸಮ್ಮ ಕೇಳಿದರು. "ಗುಂಡುಕಲ್ಲಿನ ಹಾಗಿದ್ದಾರೆ" ಎಂದೆ. ನನ್ನ ನಾಲಿಗೆ ಸೇದಿಹೋಗ!

ನಾಲ್ಕು ತಿಂಗಳಾದ ಮೇಲೆ ಅದೇ ಮೆಟ್ಟಿಲ ಮೇಲೆ ಕುಸಿದರು. ಹೊತ್ತು ಕೆಳಗೆ ತಂದವನು ನಾನೇ.

ಅಕ್ಕ ಅತ್ತದ್ದಕ್ಕಿಂತ ಸಿಟ್ಟಾದದ್ದೇ ಹೆಚ್ಚು. "ವರ್ಷಾ ವರ್ಷಾ ಕೇಳ್ತಿದ್ರಲ್ಲ, ಅವರಿಗೆ ಹೇಗೆ ಗೊತ್ತಾಗ್ಲಿಲ್ಲ? ಕೇಳೇ ಬಿಡ್ತೀನಿ, ನಡಿ" ಎಂದಳು. "ಹೋದ ಜೀವ ಮತ್ತೆ ಬರುತ್ತಾ ಅಕ್ಕಾ, ಬೇಡ" ಎಂದು ಎಷ್ಟೋ ಹೇಳಿದೆ. ಕೇಳಲಿಲ್ಲ. ಜೊತೆಗೆ ಹೋಗದೆ ವಿಧಿಯಿರಲಿಲ್ಲ.

ನರ್ಸಮ್ಮ ಒಳ್ಳೆಯವರು. ಕುರ್ಚಿ ಕೊಟ್ಟು ಫೈಲು ತೆಗೆದರು. "ಹತ್ತು ವರ್ಷ ಮುಗಿದು ವರದಿ ಕಳಿಸಿಬಿಟ್ಟಿದ್ದೀವಮ್ಮ. ಇವರು ಚೆನ್ನಾಗಿರೋರ ಪಟ್ಟೀಲಿದ್ದಾರೆ."

"ನನ್ನ ಗಂಡ ಸತ್ತಿದ್ದಾರೆ."

"ಗೊತ್ತಮ್ಮ. ಆದ್ರೆ ಅದು ಹನ್ನೊಂದನೇ ವರ್ಷದಲ್ಲಿ. ಸ್ವಲ್ಪ ಉಸಿರು ಕಟ್ಟುತ್ತೆ ಅಂತ ಒಂದೇ ಒಂದು ಮಾತು ಹೇಳಿದ್ರೂ ಅವತ್ತೇ ಕರೆಸ್ತಿದ್ವಿ. ಹೀಗೆ ಹೇಳಿದ ಮೂವರನ್ನ ಕರೆಸಿದ್ವಿ, ಮೂವರೂ ಓಡಾಡ್ಕೊಂಡಿದ್ದಾರೆ. ನೋಡಿ ಬೇಕಾದ್ರೆ."

ಫೈಲನ್ನು ಅಕ್ಕನ ಕಡೆ ತಿರುಗಿಸಿದರು. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ವರ್ಷ ಓದಿದಳು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. 'ಯಾವ ತೊಂದರೆಯೂ ಇಲ್ಲ. ಹೇಳಿದವರು: ಭಾಮೈದ.'

ಅವಳಿಗಿರುವುದು ನಾನೊಬ್ಬನೇ ತಮ್ಮ.

"ಅಕ್ಕಾ" ಎಂದೆ. ಅವಳು ಬ್ಯಾಗು ಎತ್ತಿಕೊಂಡು, "ನರ್ಸಮ್ಮಾ, ನಾನು ಒಬ್ಬಳೇ ಹೋಗ್ತೀನಿ, ಬಸ್ ಎಲ್ಲಿ ಸಿಗುತ್ತೆ?" ಎಂದು ಕೇಳಿದಳು.