ಗುಲಾಬನ ಕೋಲು

ಸನಮಡಿಯ ರೇವಪ್ಪನ ಮನೆಯಲ್ಲಿ, ಜೋಳದ ಚೀಲಗಳ ಮೇಲಿನ ಹಲಗೆಯ ಮೇಲೆ, ಸ್ನೂಕರ್ ಆಡುವ ಕೋಲೊಂದು ಮಲಗಿತ್ತು. ಅದು ಅವನದಲ್ಲ, ಗೆಳೆಯ ಗುಲಾಬನದು. ಜತ್ತದ ಬಸ್ ಸ್ಟ್ಯಾಂಡಿನ ಹತ್ತಿರ ಗುಲಾಬನ ಹೊಲಿಗೆ ಅಂಗಡಿ, ಅದರ ಮಾಳಿಗೆಯ ಮೇಲೆ ಸ್ನೂಕರ್ ಕ್ಲಬ್ಬು. ರೇವಪ್ಪ ಸಂತೆಗೆ ಹೋದಾಗಲೆಲ್ಲ ಇಬ್ಬರೂ ಒಂದಾಟ ಆಡಿಯೇ ಇಳಿಯುತ್ತಿದ್ದರು. ಸೋತವನು ಚಹಾ ಕುಡಿಸಬೇಕು. ಇಪ್ಪತ್ತು ವರ್ಷ ರೇವಪ್ಪನೇ ಕುಡಿಸಿದ.

ಗುಲಾಬನ ಕಣ್ಣಿಗೆ ಪರೆ ಬಂದಾಗ ಮಗಳು ಹುಸ್ನಾ ಅವನನ್ನು ಮಿರಜಿಗೆ ಕರೆದೊಯ್ದಳು. ಹೋಗುವಾಗ ಅವನು ಕೋಲನ್ನು ಗೆಳೆಯನ ಕೈಗೆ ಕೊಟ್ಟ.

“ಒಣ ಅರಿಬೀಲೆ ಒರಸು. ಗ್ವಾಡಿಗಿ ಆನಿಸಿ ಇಡಬ್ಯಾಡ, ಬಾಗತದ. ಬಿಸಲಿಗೆ ಒಯ್ಯಬ್ಯಾಡ. ಎರಡು ತಿಂಗಳದಾಗ ಬರ್ತೀನಿ.”

ಕಣ್ಣು ಚಲೋ ಆಯಿತು. ಆದರೆ ಗುಲಾಬ ಮಿರಜಿನಲ್ಲೇ, ಮಗಳ ಹೊಲಿಗೆ ಅಂಗಡಿಯಲ್ಲಿ ಹೊಲಿಯುತ್ತ ಕುಳಿತ. ಎರಡು ವರ್ಷ ಕಳೆಯಿತು.

ರೇವಪ್ಪ ಹೇಳಿದ್ದೆಲ್ಲ ಮಾಡಿದ. ಹೇಳದ್ದನ್ನೂ ಒಂದು ಮಾಡಿದ. ಖಂಡೇನವಮಿಯ ಆಯುಧಪೂಜೆಗೆ ಕುಡುಗೋಲು, ಕೊಡಲಿ, ಎತ್ತು ಹೊಡೆಯುವ ಬಾರುಕೋಲು ಸಾಲಾಗಿ ಇಟ್ಟಾಗ ಹೆಂಡತಿ ಗುರವ್ವ, “ಇದೊಂದ್ಯಾಕ ಬ್ಯಾರೆ ಮಾಡ್ತೀರಿ?” ಎಂದು ಗುಲಾಬನ ಕೋಲನ್ನೂ ಇಟ್ಟು ವಿಭೂತಿ ಹಚ್ಚಿದಳು. ಬಾರುಕೋಲಿಗೆ ತಿಕ್ಕಿದ ಕುಸುಬಿ ಎಣ್ಣೆಯನ್ನು ರೇವಪ್ಪ ಅದಕ್ಕೂ ತಿಕ್ಕಿದ. ಎಣ್ಣೆ ಕಾಣದ ಕಟ್ಟಿಗೆ ಸೀಳುತ್ತದೆ ಎಂದು ಅವನಪ್ಪ ಹೇಳಿಕೊಟ್ಟಿದ್ದ. ಆಮೇಲೆ ಅಮಾಸೆಗೊಮ್ಮೆ ತಿಕ್ಕುತ್ತ ಬಂದ.

ಒಂದು ದಿನ ಫೋನು ಬಂತು. “ರೇವ್ಯಾ, ಐತವಾರ ಬರಾಕತ್ತೀನಿ. ಕೋಲು ಒಯ್ತೀನಿ. ಇಲ್ಲಿ ಮನಿ ಬಾಜೂಕ ಟೇಬಲ್ ಹಾಕ್ಯಾರ.”

ಬರುತ್ತೇನೆ ಎಂಬ ಮಾತಿಗೆ ಹಿಗ್ಗಿದ ರೇವಪ್ಪ, ಒಯ್ಯುತ್ತೇನೆ ಎಂಬ ಮಾತಿಗೆ ತಲೆಯೆತ್ತಿ ಹಲಗೆಯತ್ತ ನೋಡಿದ. ಕೋಲು ಇಲ್ಲಿರುವತನಕ ಗುಲಾಬ ಎಂದಾದರೂ ಬರಲೇಬೇಕು ಎಂದು ಅವನು ನಂಬಿ ಕುಳಿತಿದ್ದ.

ಕೋಲನ್ನು ಇಳಿಸಿ, ಗುಲಾಬ ಮಾಡುತ್ತಿದ್ದ ಹಾಗೆ ಬೆರಳ ಮೇಲಿಟ್ಟು ಮುಂದೆ ದೂಡಿದ. ಜಾರಲಿಲ್ಲ. ಬೆಲ್ಲದ ಪಾಕ ಮುಟ್ಟಿದಂತೆ ಅಂಟಿತು. ಎಣ್ಣೆ ಒಣಗಿ ಜಿಗಟಾಗಿತ್ತು.

ಶನಿವಾರವಿಡೀ ಅಂಗಳದ ನೆರಳಲ್ಲಿ ಕುಳಿತು ಒರೆಸಿದ. ಅರಿವೆಯ ತುದಿಗೆ ಎರಡು ಹನಿ ಚಿಮಣಿ ಎಣ್ಣೆ, ಆಮೇಲೆ ಜೋಳದ ಹಿಟ್ಟು, ಆಮೇಲೆ ಒಣ ಅರಿವೆ.

“ಹಂಗ ಬಿಡ್ರಿ,” ಎಂದಳು ಗುರವ್ವ. “ಜಿಗಟ ಐತಿ ಅಂದ್ರ ಗುಲಾಬಣ್ಣ ಯಾಕ ಒಯ್ತಾನ? ಇಲ್ಲೇ ಬಿಟ್ಟ ಹೋಗ್ತಾನ. ಮತ್ತ ನೋಡಾಕ ಬರ್ತಿರ್ತಾನ.”

ರೇವಪ್ಪನ ಕೈ ನಿಂತಿತು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

“ಇದು ನನ್ನ ಮೂರನೇ ಕೈ ಅಂತಿದ್ದ ಅವಾ,” ಎಂದ. “ಗೆಳ್ಯಾನ ಕೈ ಹಿಡಕೊಂಡ ಕುಂದ್ರಲೇನ?” ಮತ್ತೆ ಒರೆಸತೊಡಗಿದ.

ಐತವಾರ ಕ್ಲಬ್ಬಿನಲ್ಲಿ ಗುಲಾಬ ಕೋಲನ್ನು ಹಸಿರು ಮೇಜಿನ ಮೇಲೆ ಉರುಳಿಸಿದ. ಎಲ್ಲೂ ಪುಟಿಯದೆ ನೆಟ್ಟಗೆ ಉರುಳಿತು. ಬೆರಳ ಮೇಲೆ ದೂಡಿದ, ಜಾರಿತು. ಆಮೇಲೆ ಮೂಗಿಗೆ ಹಿಡಿದ.

“ಕುಸುಬಿ ಎಣ್ಣಿ ಹಚ್ಚಿದ್ದೇನಲೇ?”

“ಎರಡ ವರ್ಷ.”

“ಎತ್ತ ಹೊಡ್ಯಾಕ ಬೇಕಾಗಿತ್ತೇನ ನಿನಗ?”

“ಹಚ್ಚಬ್ಯಾಡ ಅಂತ ನೀ ಹೇಳಿರಲಿಲ್ಲ.”

ಗುಲಾಬ ಕೋಲಿನ ನಡುವಿನ ಜೋಡಣೆ ತೋರಿಸಿದ. ಸಂದಿಯಲ್ಲಿ ಬೆಳ್ಳಗೆ ವಿಭೂತಿ ಕುಳಿತಿತ್ತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗುಲಾಬ ಅದನ್ನು ಒರೆಸಲಿಲ್ಲ.

ಒಂದಾಟ ಆಡಿದರು. ರೇವಪ್ಪ ಸೋತ, ಚಹಾ ಕುಡಿಸಿದ. ನಾಲ್ಕರ ಬಸ್ಸು ಬಂತು, ಗುಲಾಬ ಕೋಲು ಹಿಡಿದು ಹತ್ತಿದ. ಮತ್ತೆ ಯಾವಾಗ ಬರುತ್ತೀ ಎಂದು ಕೇಳಲು ಕಿಟಕಿಯ ಹತ್ತಿರ ಹೋದ ರೇವಪ್ಪ, “ಗ್ವಾಡಿಗಿ ಆನಿಸಿ ಇಡಬ್ಯಾಡ,” ಎಂದ.

ಮರುದಿನ ಗುರವ್ವ ಖಾಲಿ ಹಲಗೆಯ ಮೇಲೆ ಉಳ್ಳಾಗಡ್ಡಿ ಹರವಲು ಬುಟ್ಟಿ ತಂದಳು. ರೇವಪ್ಪ ಒಣ ಅರಿವೆಯಿಂದ ಹಲಗೆ ಒರೆಸುತ್ತಿದ್ದ. ಅವಳು ಬುಟ್ಟಿಯನ್ನು ಪಡಸಾಲೆಗೆ ಒಯ್ದಳು.