ಪೆರುವಿಗೆ ನಾನು ಬರೆದ ನಾಲ್ಕು ಸಾಲು

ನಾಗವೇಣಿ, ಆ ಗುರುವಾರ ಸಂಜೆ ಪೆರು ದೇಶದ ಮಕ್ಕಳು ತಾವಾಗಿ ತಪ್ಪಿಸಿಕೊಳ್ಳಲಿಲ್ಲ. ಬರಬೇಡಿ ಎಂದು ನಾನೇ ಬರೆದಿದ್ದೆ — ಶಾಲೆಯ ಹೆಸರಿನಲ್ಲಿ, ನಿನಗೆ ತಿಳಿಯದಂತೆ.

ಮುಳಗುಂದದ ನೀನು ಬೆಟಗೇರಿಯ ನಮ್ಮ ಶಾಲೆಗೆ ಗಣಿತ ಕಲಿಸಲು ಬಂದಾಗ, ನಾನಲ್ಲಿ ಇಂಗ್ಲಿಷ್ ಕಲಿಸುತ್ತ ಇಪ್ಪತ್ತೆರಡು ವರ್ಷವಾಗಿತ್ತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ನೇಕಾರರ ಮನೆಯವರು. ಪೆರುವಿನ ಒಂದು ಬೆಟ್ಟದೂರಿನ ಶಾಲೆಯಲ್ಲೂ ನೇಕಾರರ ಮಕ್ಕಳೇ ಇದ್ದಾರೆಂದು ಎಲ್ಲಿಯೋ ಓದಿದ ನೀನು, ಅಲ್ಲಿನ ಶಿಕ್ಷಕಿಗೆ ಬರೆದು ಎರಡೂ ಕಡೆಯ ಒಂಬತ್ತನೆಯ ತರಗತಿಗಳನ್ನು ಜೋಡಿಸಿದೆ. "ಪೇರಲ ಹಣ್ಣಿನ ದೇಶ ಏನ್ರಿ ಅಕ್ಕೋರ?" ಎಂದು ಒಬ್ಬಳು ಕೇಳಿದ್ದಕ್ಕೆ ತರಗತಿಯೆಲ್ಲ ನಕ್ಕಿತ್ತು. ನಕ್ಕವರೇ ಆಮೇಲೆ ಭೂಪಟಕ್ಕೆ ಮುಗಿಬಿದ್ದರು. ನಮ್ಮವರು ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ವಿಡಿಯೊ ಕಳಿಸಿದರೆ, ಅವರು ಸೊಂಟಕ್ಕೆ ಕಟ್ಟಿಕೊಂಡು ನೇಯುವ ಮಗ್ಗದ್ದು ಕಳಿಸಿದರು. ನಡುವೆ ಇಬ್ಬರದೂ ಕುಂಟು ಇಂಗ್ಲಿಷ್.

ನಿನ್ನದೂ ಕುಂಟೇ. ನನಗೆ ಸಹಿಸಲಾಗದ್ದು ಅದೇ.

ರೇಣುಕಾ — ನೇಕಾರ ಈರಪ್ಪನವರ ಮಗಳು — ನನ್ನ ತರಗತಿಯಲ್ಲಿ ಎರಡು ವರ್ಷ ತುಟಿ ಬಿಚ್ಚಿದವಳಲ್ಲ. ಒಂದು ದಿನ ನಿನ್ನ ಕೋಣೆಯ ಮುಂದೆ ಹಾಯುವಾಗ ಅವಳ ದನಿ ಕೇಳಿ ನಿಂತೆ. ಅಪ್ಪ ಸೀರೆಯ ಅಂಚನ್ನು ಹೇಗೆ ನೇಯುತ್ತಾನೆಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ವಾಕ್ಯಕ್ಕೊಂದು ತಪ್ಪು, ಆದರೂ ನಿಲ್ಲಿಸಲಿಲ್ಲ. ನೀನು ತಿದ್ದಲೂ ಇಲ್ಲ. ನಾನು ಸಂತೋಷಪಡಬೇಕಿತ್ತು... ನಾನೂ ಮಗ್ಗದ ಮನೆಯಲ್ಲೇ ಹುಟ್ಟಿದವಳು. ಅದನ್ನು ಯಾರೆದುರೂ ಹೇಳದೆ ಇಂಗ್ಲಿಷ್ ಅಕ್ಕೋರು ಅನ್ನಿಸಿಕೊಂಡವಳು. ವ್ಯಾಪಾರಸ್ಥರ ಮಗಳಾದ ನೀನು ನಮ್ಮ ಮಗ್ಗವನ್ನೇ ಹಿಡಿದು ನಮ್ಮ ಮಕ್ಕಳ ಬಾಯಿ ಬಿಡಿಸಿದ್ದೆ. ನನಗಾದದ್ದಕ್ಕೆ ಬೇರೆ ಹೆಸರಿಲ್ಲ, ಹೊಟ್ಟೆಕಿಚ್ಚು.

ಶಾಲೆಯ ಇ-ಮೇಲ್ ನನ್ನ ಕೈಯಲ್ಲಿತ್ತು. ನೀನು ಬರೆದುಕೊಟ್ಟದ್ದನ್ನು ಕಳಿಸುವುದು, ಬಂದದ್ದನ್ನು ನಿನಗೆ ಮುಟ್ಟಿಸುವುದು — ಎಲ್ಲವನ್ನೂ ನೀನು ನಂಬಿ ನನಗೆ ಒಪ್ಪಿಸಿದ್ದೆ. ಎರಡೂ ಶಾಲೆಯ ಮಕ್ಕಳು ಪರದೆಯ ಮೇಲೆ ಭೇಟಿಯಾಗುವ ಗುರುವಾರಕ್ಕೆ ಎರಡು ದಿನ ಮೊದಲು, ಆ ಶಿಕ್ಷಕಿಗೆ ನಾಲ್ಕು ಸಾಲು ಬರೆದೆ: ನಮ್ಮ ಮಕ್ಕಳಿಗೆ ಆಸಕ್ತಿ ಉಳಿದಿಲ್ಲ, ಇದನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಮರುದಿನ ಅವಳ ಉತ್ತರ ಬಂತು — ನಮ್ಮಿಂದೇನಾದರೂ ತಪ್ಪಾಯಿತೇ? ಓದಿ ಅಳಿಸಿದೆ.

ಗುರುವಾರ ಇಲ್ಲಿ ಸಂಜೆ ಆರೂವರೆ, ಅಲ್ಲಿ ಬೆಳಿಗ್ಗೆ ಎಂಟು. ಈರಪ್ಪನವರು ಮಗ್ಗ ಬಿಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ರೇಣುಕಾ ಹೇಳಬೇಕಾದದ್ದನ್ನು ತನ್ನೊಳಗೇ ಹೇಳಿಕೊಳ್ಳುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ನಾನೂ ಕುಳಿತಿದ್ದೆ — ಹೌದು, ಕುಳಿತು ನೋಡಿದೆ. ಒಂದೂವರೆ ತಾಸು ಪರದೆಯ ಮೇಲೆ ನಮ್ಮ ಮುಖಗಳೇ. ಕೊನೆಗೆ ಈರಪ್ಪನವರೇ ನಿನಗೆ ಸಮಾಧಾನ ಹೇಳಿದರು: "ಇರ್ಲಿ ಬಿಡ್ರಿ ಅಕ್ಕೋರ, ಅವರಿಗೂ ಏನರ ಕೆಲಸ ಬಂದಿರತಾವ."

ಎಲ್ಲರೂ ಹೋದ ಮೇಲೆ ನೀನು ನನ್ನ ಹತ್ತಿರ ಬಂದೆ. "ನಾ ಬರದ ಇಂಗ್ಲಿಷ್‌ದಾಗ ಏನರ ತಪ್ಪಾತೇನ್ರಿ? ಅದಕ್ಕ ಅವರು ಬ್ಯಾಸರ ಮಾಡ್ಕೊಂಡ್ರೇನು?"

ಆಗಲಾದರೂ —

"ಆಗಿರಬೇಕು," ಎಂದೆ.

ಇನ್ನೊಮ್ಮೆ ಕೇಳಿ ನೋಡೋಣವೆಂದು ನೀನು ಬರೆದುಕೊಟ್ಟ ಪತ್ರವನ್ನೂ ನಾನು ಕಳಿಸಲಿಲ್ಲ. ರೇಣುಕಾ ಮತ್ತೆ ಬಾಯಿ ಮುಚ್ಚಿಕೊಂಡಳು. ಮರುವರ್ಷ ನೀನು ಮುಂಡರಗಿಗೆ ವರ್ಗ ಮಾಡಿಸಿಕೊಂಡೆ. ನನಗೆ ಪೈಪೋಟಿಯಾಗಿ ಯಾರೂ ಉಳಿಯಲಿಲ್ಲ. ಅದರಿಂದ ನನಗೆ ಸಿಕ್ಕಿದ್ದೂ ಏನಿಲ್ಲ.

ಕಳೆದ ತಿಂಗಳು ಗದಗಿನ ಒಂದು ತರಬೇತಿಯಲ್ಲಿ ನಿಮ್ಮ ಮುಖ್ಯೋಪಾಧ್ಯಾಯರು ಪಕ್ಕದಲ್ಲಿ ಕುಳಿತಿದ್ದರು. "ಹೊರದೇಶದ ಶಾಲಿ ಕೂಡ ಏನರ ಮಾಡ್ರಿ ಅಂದ್ರ ನಾಗವೇಣಿ ಅಕ್ಕೋರು ಕೈ ಮುಗೀತಾರ್ರಿ. ನನ್ನ ಇಂಗ್ಲಿಷ್ ಮಂದೀನ್ನ ದೂರ ಮಾಡತೈತಿ ಅಂತಾರ." ನಾಲ್ಕು ವರ್ಷದ ಮೇಲೂ ನನ್ನ ಆ ಒಂದು ಮಾತನ್ನು ನೀನು ನಂಬಿಕೊಂಡೇ ಇದ್ದೀ.

ಆ ವಾರವೇ ಪೆರುವಿನ ಶಿಕ್ಷಕಿಗೆ ನಡೆದದ್ದನ್ನೆಲ್ಲ ಬರೆದೆ. ಉತ್ತರ ಬಂದಿಲ್ಲ. ನಿನ್ನೆ ಈರಪ್ಪನವರ ಮನೆಗೆ ಹೋದೆ. ರೇಣುಕಾ ಕಾಲೇಜಿನಿಂದ ಬಂದಿದ್ದಳು. ಇಬ್ಬರೆದುರೂ ಹೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ. ಈರಪ್ಪನವರು ಕೇಳಿದರು: "ನಾಗವೇಣಿ ಅಕ್ಕೋರಿಗೆ ಹೇಳೀರೇನ್ರಿ?"

"ಇಲ್ಲ."

"ಅವರಿಗೆ ಹೇಳಬೇಕಿತ್ರಿ, ಮೊದಲ," ಎಂದವರೇ ಎದ್ದು ಒಳಗೆ ಹೋದರು.

ಖರೆ. ಮೊದಲು ನಿನಗೇ ಹೇಳಬೇಕಿತ್ತು. ಅಲ್ಲಿಯೂ ನಾನು ಸುಲಭದ ಬಾಗಿಲನ್ನೇ ತಟ್ಟಿದೆ. ಈ ಪತ್ರ ನಿನ್ನ ಕೈ ಸೇರಿದ ಮೇಲಿನ ಭಾನುವಾರ ಮುಂಡರಗಿಗೆ ಬರುತ್ತೇನೆ. ಇದನ್ನೆಲ್ಲ ನಿನ್ನ ಮುಖ ನೋಡಿ ಹೇಳಬೇಕು. ನೀನು ಕುಳಿತುಕೋ ಅನ್ನಬೇಕಿಲ್ಲ. ನಿಂತೇ ಹೇಳುತ್ತೇನೆ.